ಹನ್ನೆರಡು ಕೆ.ಜಿ. ಇಳಿಸಿಕೊಂಡು ಬನ್ನಿ

ನನಗೆ ಕಾಯಿಲೆ ಇದೆ ಎಂದು ಗೊತ್ತಾಗಿದ್ದು ಒಂದು ಸೀನಿನಿಂದ.

ಗುಬ್ಬಿಯ ನಮ್ಮ ಪ್ರೈಮರಿ ಶಾಲೆಯಲ್ಲಿ ಮೂರನೇ ಕ್ಲಾಸಿಗೆ ಮಗ್ಗಿ ಬರೆಸುತ್ತಿದ್ದೆ. ಬೋರ್ಡ್ ಒರೆಸಿದಾಗ ಸೀಮೆಸುಣ್ಣದ ಪುಡಿ ಮೂಗಿಗೆ ಹೋಯಿತು. ಸೀನಿದೆ. ಜೋರಾಗಿಯೇ ಸೀನಿದೆ, ಮಕ್ಕಳು ನಕ್ಕರು. ಅದೇ ಗಳಿಗೆಗೆ ಹೊಕ್ಕುಳಿನ ಕೆಳಗೆ ಏನೋ ಪುಳಕ್ ಎಂದು ಹೊರಗೆ ಬಂದಂತಾಯಿತು. ನೋವಿಲ್ಲ. ಸೆರಗಿನೊಳಗೆ ಕೈ ಹಾಕಿ ಮುಟ್ಟಿ ನೋಡಿದೆ. ನಿಂಬೆಹಣ್ಣಿನಷ್ಟು ದಪ್ಪ, ಮೆತ್ತಗಿನ ಗಂಟು. ಒತ್ತಿದೆ. ಒಳಗೆ ಹೋಯಿತು.

ಕೈ ತೆಗೆದೆ. ಮತ್ತೆ ಬಂತು.

ನನ್ನ ಹೆಸರು ಮಂಗಳ. ಮನೆ ತುಮಕೂರಿನಲ್ಲಿ. ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಗುಬ್ಬಿಗೆ ಹೋಗಿ, ಸಾಯಂಕಾಲ ಸಿಕ್ಕಿದ ಬಸ್ಸಿನಲ್ಲಿ ವಾಪಸ್ಸು ಬರುತ್ತಿದ್ದೆ. ಗಂಡ ಶಿವಣ್ಣ ಕರೆಂಟ್ ಆಫೀಸಿನಲ್ಲಿ ಲೈನ್‌ಮನ್. ಒಬ್ಬಳೇ ಮಗಳು, ಚೈತ್ರ. ಅವಳು ತೊಂಬತ್ತೆರಡರಲ್ಲಿ ಸಿಸೇರಿಯನ್ ಆಗಿ ಹುಟ್ಟಿದಳು. ನನಗೆ ತಾಯಿ ಇರಲಿಲ್ಲವಾದ್ದರಿಂದ ಸಿ.ಎಸ್. ಪುರದಿಂದ ಅತ್ತೆ ಗೌರಮ್ಮ ಬಾಣಂತನ ಮಾಡಲು ಬಂದರು, ಆಮೇಲೆ ನಮ್ಮ ಜೊತೆಯಲ್ಲೇ ಉಳಿದರು. ಬಿಸಿ ಅನ್ನಕ್ಕೆ ತುಪ್ಪ, ಕೊಬ್ಬರಿ ಬೆಲ್ಲ, ಅಂಟಿನುಂಡೆ. ಐವತ್ತೆರಡು ಕೆ.ಜಿ. ಇದ್ದವಳು ಐದು ತಿಂಗಳಿಗೆ ಎಪ್ಪತ್ತಾದೆ. ಬಾಣಂತನ ಮುಗಿಯಿತು, ಉಂಡೆ ಮುಗಿಯಲಿಲ್ಲ. ವರ್ಷಕ್ಕೆ ಒಂದೆರಡು ಕೆ.ಜಿ. ಸದ್ದಿಲ್ಲದೆ ಸೇರಿಕೊಂಡಿತು. ಯಾರಾದರೂ ಕೇಳಿದರೆ ‘ಹೆರಿಗೆ ಮೈ ಕಣ್ರೀ’ ಅನ್ನುತ್ತಿದ್ದೆ. ಆ ಮಾತು ಅಷ್ಟು ವರ್ಷ ನನ್ನನ್ನು ಕಾಪಾಡಿತ್ತು.

ಗಂಟಿನ ವಿಷಯ ನಾಲ್ಕು ತಿಂಗಳು ಯಾರಿಗೂ ಹೇಳಲಿಲ್ಲ. ಅದು ಮೂಸಂಬಿಯಷ್ಟಾದಾಗ ಗಂಡನಿಗೆ ಹೇಳಿದೆ. ಅವರು ರಜೆ ಹಾಕಿ ತುಮಕೂರಿನ ಒಂದು ನರ್ಸಿಂಗ್ ಹೋಮಿಗೆ ಕರೆದುಕೊಂಡು ಹೋದರು. ಸರ್ಜನ್ ಮಾತು ಕಡಿಮೆಯ ಮನುಷ್ಯ. ಮಲಗಿಸಿದರು, ಕೆಮ್ಮಿ ಅಂದರು, ಬೆರಳಿನಿಂದ ಒತ್ತಿ ನೋಡಿದರು.

‘ಇನ್ಸಿಶನಲ್ ಹರ್ನಿಯಾ. ಸಿಸೇರಿಯನ್ ಮಾಡಿದ ಜಾಗದಲ್ಲಿ ಹೊಟ್ಟೆಯ ಗೋಡೆ ಬಿಟ್ಕೊಂಡಿದೆ. ಅಲ್ಲಿಂದ ಕರುಳು ಹೊರಗೆ ತಳ್ತಿದೆ.’

‘ಆಪರೇಷನ್ ಮಾಡ್ಬೇಕಾ?’

‘ಮಾಡ್ಬೇಕು. ಈಗ ಮಾಡಲ್ಲ.’ ತೂಕದ ಮಿಷನ್ ತೋರಿಸಿದರು. ಹತ್ತಿದೆ. ಎಂಬತ್ತೇಳು. ಬಿಪಿಯೂ ಜಾಸ್ತಿ ಇತ್ತು. ‘ಇಷ್ಟು ತೂಕ ಇಟ್ಕೊಂಡು ಮಾಡಿದ್ರೆ ಅನಸ್ತೇಶಿಯಾನೂ ರಿಸ್ಕು, ಹೊಲಿಗೆನೂ ನಿಲ್ಲಲ್ಲ. ಹನ್ನೆರಡು ಕೆ.ಜಿ. ಇಳಿಸಿಕೊಂಡು ಬನ್ನಿ.’

ನನ್ನ ಹಳೆಯ ಮಾತು ಬಾಯಿಗೆ ಬಂತು. ‘ಇದು ಹೆರಿಗೆ ಆದ್ಮೇಲೆ ಬಂದಿರೋ ಮೈ, ಡಾಕ್ಟ್ರೇ.’

ಅವರು ಚೀಟಿ ಬರೆಯುತ್ತಾ ಕೇಳಿದರು. ‘ಮಗೂಗೆ ಈಗ ಎಷ್ಟು ತಿಂಗಳು?’

‘ಐದನೇ ಕ್ಲಾಸು.’

ಪೆನ್ನು ನಿಂತಿತು. ಗಂಡ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡರು. ಅವರ ಭುಜ ಅಲುಗುತ್ತಿದ್ದುದು ನನಗೆ ಕಾಣಿಸಿತು. ಡಾಕ್ಟರ್ ಮಾತ್ರ ನಗಲಿಲ್ಲ. ಗಂಟು ಒಳಗೆ ಹೋಗದೆ ನಿಂತುಬಿಟ್ಟರೆ, ನೋವು ಬಂದು ವಾಂತಿ ಶುರುವಾದರೆ, ಒಂದು ನಿಮಿಷವೂ ಕಾಯದೆ ಬರಬೇಕು ಎಂದರು. ಸಿಕ್ಕಿಕೊಂಡ ಕರುಳಿಗೆ ರಕ್ತ ಹೋಗದಿದ್ದರೆ ಅದು ಸತ್ತುಹೋಗುತ್ತದೆ. ಆಮೇಲೆ ಪೇಷಂಟ್ ಕೂಡ. ಹೊಟ್ಟೆಗೆ ಕಟ್ಟಿಕೊಳ್ಳಲು ಒಂದು ಬೆಲ್ಟ್ ಬರೆದುಕೊಟ್ಟರು.

ಆ ವಾರವೇ ಶುರು ಮಾಡಿದೆ. ಎಂಥ ಹುಮ್ಮಸ್ಸು! ಬೆಳಗ್ಗೆ ಬಿಸಿನೀರಿಗೆ ನಿಂಬೆರಸ, ಜೇನುತುಪ್ಪ. ಸಾಯಂಕಾಲದ ಊಟವೇ ಬಂದ್. ಕಾಲೇಜು ಮೈದಾನದಲ್ಲಿ ನಾಲ್ಕು ಸುತ್ತು. ಮೂರು ವಾರಕ್ಕೆ ನಾಲ್ಕು ಕೆ.ಜಿ. ಇಳಿದೆ. ಸಿಕ್ಕಿದವರಿಗೆಲ್ಲ ಹೇಳಿಕೊಂಡು ಬಂದೆ. ನಾಲ್ಕನೇ ವಾರ ಮಿಷನ್ನಿನ ಮುಳ್ಳು ಅಲ್ಲಾಡಲಿಲ್ಲ. ಐದನೇ ವಾರ ಮಳೆ. ಗೌರಿ ಹಬ್ಬದ ಹೊತ್ತಿಗೆ ಎಂಬತ್ತೆಂಟಾಗಿದ್ದೆ.

ಮನೆಯಲ್ಲಿ ಯಾರೂ ಬೈಯಲಿಲ್ಲ. ಅದೇ ಕಷ್ಟ. ‘ನೀನು ಹಿಂಗೇ ಚೆನ್ನಾಗಿದೀಯ ಬಿಡು’ ಎಂದು ಗಂಡ ಬೆಣ್ಣೆ ದೋಸೆ ಕಟ್ಟಿಸಿಕೊಂಡು ಬರುತ್ತಿದ್ದರು. ಅತ್ತೆಗೆ ಹರ್ನಿಯಾ ವಿಷಯ ಹೇಳಿಯೇ ಇರಲಿಲ್ಲ. ಬಿಪಿಗೆ ತೂಕ ಇಳಿಸಬೇಕಂತೆ ಎಂದಷ್ಟೇ ಹೇಳಿದ್ದೆ. ನಾನು ತುಪ್ಪ ಬೇಡವೆಂದರೆ ಅವರ ಮುಖ ಬಾಡುತ್ತಿತ್ತು. ‘ಆಸ್ಪತ್ರೆಯಿಂದ ಬಂದಾಗ ಗಾಳಿಗೆ ಹಾರೋಗೋ ಹಂಗಿದ್ದೆ ಕಣೇ. ನಾನು ಉಣ್ಣಿಸಿ ಉಣ್ಣಿಸಿ ಮನುಸ್ಯಳನ್ನ ಮಾಡ್ದೆ. ಈಗ ನನ್ ಕೈ ಊಟನೇ ಬ್ಯಾಡ್ವಾ?’ ಅನ್ನುತ್ತಿದ್ದರು. ನಾನು ತಟ್ಟೆ ಮುಂದಕ್ಕೆ ಚಾಚುತ್ತಿದ್ದೆ.

ಇನ್ನು ರೈಲಿನ ಕಥೆ. ಇದನ್ನು ಬರೆಯಲು ಈಗಲೂ ಮುಖ ಬಿಸಿಯಾಗುತ್ತದೆ.

ಆ ವರ್ಷ ಮಳೆಗಾಲದ ಒಂದು ಬೆಳಗ್ಗೆ ಪ್ಯಾಸೆಂಜರಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ವೀಳ್ಯದೆಲೆ ಬುಟ್ಟಿ ಇಟ್ಟುಕೊಂಡು ಕೂತಿದ್ದ ಒಬ್ಬ ಹೆಂಗಸು ನನ್ನ ಹೊಟ್ಟೆ ನೋಡಿ ಎದ್ದುನಿಂತರು. ‘ಬಾರವ್ವ, ಕೂತ್ಕೋ. ಈ ಸ್ಥಿತೀಲಿ ನಿಂತ್ಕಬಾರ್ದು. ಎಷ್ಟು ತಿಂಗ್ಳು?’

ಕಾಲು ನೋಯುತ್ತಿತ್ತು. ಸುತ್ತ ಹತ್ತು ಜನ ನೋಡುತ್ತಿದ್ದರು. ಇಲ್ಲ ಅನ್ನುವುದಕ್ಕಿಂತ ಸುಳ್ಳು ಹೇಳುವುದೇ ಸುಲಭವಾಗಿ ಕಂಡಿತು.

‘ಏಳು,’ ಅಂದೆ.

ಗುಬ್ಬಿವರೆಗೂ ಅವರು ನಿಂತೇ ಬಂದರು. ಮೊದಲನೆಯದು ಹೆಣ್ಣಾ, ಈ ಸಲ ಗಂಡಾಗಲಿ ಎಂದು ಹರಸಿದರು. ಮಾರನೇ ದಿನದಿಂದ ನಾನು ಬೇರೆ ಡಬ್ಬಿ ಹತ್ತತೊಡಗಿದೆ.

ದೀಪಾವಳಿ ಕಳೆದ ಮೇಲೆ ಒಂದು ದಿನ ತುಮಕೂರು ಸ್ಟೇಷನ್ನಿನ ಪ್ಲಾಟ್‌ಫಾರಂನಲ್ಲಿ ಎದುರಿಗೇ ಸಿಕ್ಕಿಬಿಟ್ಟರು. ಗುರುತು ಹಿಡಿದು ನಗುತ್ತಾ ಬಂದರು. ‘ಆಯ್ತೇನವ್ವ ಹೆರಿಗೆ? ಏನ್ ಮಗೀನೇ?’ ಎಂದು ಕೇಳುತ್ತಲೇ ಅವರ ಕಣ್ಣು ನನ್ನ ಖಾಲಿ ಕೈಗೆ, ಹೆಗಲಿನ ಸ್ಕೂಲ್ ಬ್ಯಾಗಿಗೆ, ನನ್ನ ಮುಖಕ್ಕೆ ಹೋಯಿತು. ತಲೆ ತಗ್ಗಿಸಿದೆ. ಹೆರಿಗೆಯಾಗಿ ತಿಂಗಳೆರಡಾಗಬೇಕಿದ್ದ ಹೆಂಗಸು ಮಗುವಿಲ್ಲದೆ ಕೆಲಸಕ್ಕೆ ಹೊರಟಿದ್ದಾಳೆ ಎಂದರೆ ಅವರು ಏನು ಅರ್ಥ ಮಾಡಿಕೊಳ್ಳಬೇಕು?

ಬುಟ್ಟಿ ಕೆಳಗಿಟ್ಟರು. ನನ್ನ ಎರಡೂ ಕೈ ಹಿಡಿದುಕೊಂಡರು. ‘ಬುಡವ್ವ. ಅಳ್ಬ್ಯಾಡ. ನಂದೂ ಒಂದು ಹಂಗೇ ಹೋಯ್ತು. ಇನ್ನೂ ವಯಸ್ಸೈತೆ ನಿಂಗೆ.’ ಅವರ ಕಣ್ಣಲ್ಲಿ ನೀರು ಬಂತು.

ಹುಟ್ಟೇ ಇರದ ಮಗುವಿಗೆ ಆಕೆ ಅತ್ತರು.

ಆ ದಿನ ನಾನು ರೈಲು ಹತ್ತಲಿಲ್ಲ. ಮನೆಗೆ ವಾಪಸ್ಸು ಬಂದೆ. ಗಂಡ ಕೆಲಸಕ್ಕೆ, ಚೈತ್ರ ಸ್ಕೂಲಿಗೆ ಹೋಗಿದ್ದರು. ಅತ್ತೆ ಅವರೆಕಾಯಿ ಬಿಡಿಸುತ್ತಾ ಕೂತಿದ್ದರು. ‘ಯಾಕೆ ಬಂದ್ಬುಟ್ಟೆ?’ ಎಂದರು. ನಾನು ಅವರ ಎದುರಿಗೆ ನಿಂತು ಸೆರಗು ಸರಿಸಿ, ಬೆಲ್ಟ್ ಬಿಚ್ಚಿ ತೋರಿಸಿದೆ.

ಅತ್ತೆ ಮುಟ್ಟಿ ನೋಡಿದರು. ‘ಏನೇ ಇದು?’

‘ಕರುಳು ಅತ್ತೆ. ಹೊಲಿಗೆ ಬಿಟ್ಕೊಂಡಿದೆ. ವರ್ಷ ಆಗ್ತಾ ಬಂತು. ತೂಕ ಇಳಿಸ್ದೇ ಇದ್ರೆ ಆಪರೇಷನ್ ಮಾಡಲ್ಲ ಅಂದವ್ರೆ.’

‘ನಂಗ್ಯಾಕೆ ಹೇಳ್ನಿಲ್ಲ?’

‘ನಾಚಿಕೆ ಆಯ್ತು.’

ಅತ್ತೆ ಅವರೆಕಾಯಿಯ ಮೊರ ಪಕ್ಕಕ್ಕಿಟ್ಟರು. ಆಮೇಲೆ ಎದ್ದುಹೋಗಿ ಬಾಗಿಲು ಹಾಕಿಕೊಂಡು ಬಂದರು. ‘ನಂಗೂ ಐತೆ ಕಣೇ ಮಂಗ್ಳ. ಕೊನೇ ಹೆರಿಗೆ ಆದಾಗಿಂದ. ಕೆಳಗೆ ಜಾರ್ತದೆ. ಮಲಗಿದ್ರೆ ಒಳಗೋಯ್ತದೆ, ನಿಂತ್ರೆ ಬತ್ತದೆ. ಬಟ್ಟೆ ಕಟ್ಕಂಡು ಓಡಾಡ್ತೀನಿ.’

‘ಎಷ್ಟು ವರ್ಷದಿಂದ?’

‘ಮೂವತ್ತಾಯ್ತು.’

ಒಂದೇ ಅಡುಗೆಮನೆಯಲ್ಲಿ ಹತ್ತು ವರ್ಷ ಒಟ್ಟಿಗೆ ನಿಂತು ಬೇಯಿಸಿದ್ದೆವು. ಒಬ್ಬರಿಗೊಬ್ಬರು ಹೇಳದೆ, ಅವರು ಬಟ್ಟೆ ಕಟ್ಟಿಕೊಂಡು, ಈಚೆಗೆ ನಾನೂ ಬೆಲ್ಟ್ ಕಟ್ಟಿಕೊಂಡು. ನನಗೆ ಅಳು ಬರಬೇಕಿತ್ತು, ನಗು ಬಂತು. ಅತ್ತೆಗೂ ಬಂತು. ಇಬ್ಬರೂ ಕೂತು ಕಣ್ಣಲ್ಲಿ ನೀರು ಬರುವ ತನಕ ನಕ್ಕೆವು. ಆಮೇಲೆ ನಾನು ಖಂಡಿತವಾಗಿ ಹೇಳಿದೆ. ‘ನಾಳೆ ನೀವು ಡಾಕ್ಟ್ರ ಹತ್ರ ಬರ್ತೀರ.’

‘ನೀನು ತೂಕ ಇಳಿಸ್ತೀಯಾ?’

‘ಇಳಿಸ್ತೀನಿ.’

‘ಹಂಗಾರೆ ಬತ್ತೀನಿ.’

ಅದೇ ನರ್ಸಿಂಗ್ ಹೋಮಿನ ಲೇಡಿ ಡಾಕ್ಟರ್ ಅತ್ತೆಯನ್ನು ನೋಡಿದರು. ಯುಟೆರಸ್ ಪ್ರೊಲ್ಯಾಪ್ಸ್, ಅಂದರೆ ಗರ್ಭಕೋಶ ಕೆಳಗೆ ಜಾರಿದೆ. ತೂಕ ನಲವತ್ತಾರು, ಬಿಪಿ ನಾರ್ಮಲ್, ಶುಗರ್ ಇಲ್ಲ. ‘ಮುಂದಿನ ವಾರವೇ ಮಾಡಿಬಿಡೋಣ,’ ಎಂದರು. ಅರವತ್ತೆಂಟು ವರ್ಷದ ಅತ್ತೆಗೆ ಮುಂದಿನ ವಾರ. ಮೂವತ್ತನಾಲ್ಕರ ನನಗೆ ಇನ್ನೂ ಇಲ್ಲ. ನಿಜ ಹೇಳಬೇಕೆಂದರೆ ಹೊಟ್ಟೆಕಿಚ್ಚಾಯಿತು.

ಆಪರೇಷನ್ ಆಗಿ ಮೂರನೇ ದಿನ ಅತ್ತೆಯನ್ನು ವಾರ್ಡಿನ ಕಾರಿಡಾರಿನಲ್ಲಿ ನಡೆಸಿದೆ. ನನ್ನ ತೋಳು ಹಿಡಿದುಕೊಂಡು ಹತ್ತು ಹೆಜ್ಜೆ ಇಟ್ಟರು. ನಿಂತರು. ತೋಳು ಬಿಟ್ಟು ಮತ್ತೆ ಹತ್ತು ಹೆಜ್ಜೆ. ತಿರುಗಿ ನನ್ನನ್ನು ನೋಡಿದರು. ಮೂವತ್ತು ವರ್ಷದ ಮೇಲೆ ಸರಿಯಾಗಿ ನಿಂತ ಹೆಂಗಸಿನ ಮುಖ ಅದು. ‘ಹಗುರಾಗೈತೆ ಕಣೇ!’ ಎಂದು ಕೂಗಿದರು. ನರ್ಸ್ ಓಡಿಬಂದಳು. ‘ಮೈಯೆಲ್ಲಾ ಹಗುರಾಗೈತೆ!’

ಅಲ್ಲಿಯವರೆಗೆ ತೂಕ ಇಳಿಸುವುದೆಂದರೆ ನನಗೆ ಶಿಕ್ಷೆಯಾಗಿತ್ತು. ಏನೇನು ಬಿಡಬೇಕು, ಏನೇನು ತಿನ್ನಬಾರದು, ಇಷ್ಟು ವರ್ಷ ಮಾಡಿದ್ದಕ್ಕೆ ಏನು ಅನುಭವಿಸಬೇಕು, ಬರೀ ಇದೇ ಯೋಚನೆ. ಇಳಿದ ಮೇಲೆ ಏನು ಸಿಗುತ್ತದೆ ಎಂಬುದನ್ನು ಒಬ್ಬರ ಮುಖದಲ್ಲಿ ಕಣ್ಣಾರೆ ನೋಡಿದ್ದು ಆ ಕಾರಿಡಾರಿನಲ್ಲೇ. ನನಗೂ ಅದು ಬೇಕು ಅನ್ನಿಸಿತು. ಹಸಿವಿನ ಹಾಗೆ ಬೇಕು ಅನ್ನಿಸಿತು.

ಎರಡು ತಿಂಗಳು ಅತ್ತೆಗೆ ನಾನೇ ಬಾಣಂತನ ಮಾಡಿದೆ. ಅವರು ಮಲಗಿದಲ್ಲಿಂದಲೇ ನನ್ನ ಊಟದ ಜವಾಬ್ದಾರಿ ತೆಗೆದುಕೊಂಡರು. ಸಂಕ್ರಾಂತಿಯ ಎಳ್ಳುಬೆಲ್ಲವನ್ನು ಚೈತ್ರಳ ಕೈಯಲ್ಲಿ ಅಕ್ಕಪಕ್ಕದ ಮನೆಗಳಿಗೆಲ್ಲ ಕೊಡಿಸಿ ಖಾಲಿ ಮಾಡಿಸಿದರು. ಬೆಣ್ಣೆ ದೋಸೆ ತಂದ ಮಗನಿಗೆ ‘ಏನ್ಲಾ, ಹೆಂಡ್ತೀನ ಉಳಿಸ್ಕಬೇಕು ಅಂತಿದ್ಯೋ ಇಲ್ವೋ?’ ಎಂದು ಕೇಳಿದರು. ಗಂಡ ಇಡೀ ಪೊಟ್ಟಣ ತಾವೇ ತಿಂದರು. ಅತ್ತೆ ಓಡಾಡುವಂತಾದ ಮೇಲೆ ಮುದ್ದೆ ಕಟ್ಟುವ ಕೆಲಸ ಮತ್ತೆ ಅವರದ್ದಾಯಿತು. ನನ್ನ ತಟ್ಟೆಯ ಮುದ್ದೆ ಹದಿನೈದು ದಿನಕ್ಕೊಮ್ಮೆ ಗೊತ್ತಾಗದಷ್ಟು ಚಿಕ್ಕದಾಗುತ್ತಿತ್ತು, ಪಕ್ಕದ ಸೊಪ್ಪಿನ ಪಲ್ಯ ದೊಡ್ಡದಾಗುತ್ತಿತ್ತು. ಅವರು ಹೇಳಲಿಲ್ಲ. ನನಗೆ ಅರಿವಾಗಿದ್ದು ಎರಡು ತಿಂಗಳಾದ ಮೇಲೆ, ಗಂಡನ ತಟ್ಟೆಯ ಪಕ್ಕದಲ್ಲಿ ನನ್ನದನ್ನು ಇಟ್ಟಾಗ. ಬೇಸಿಗೆ ಮುಗಿಯುವಷ್ಟರಲ್ಲಿ ಎಂಬತ್ತೆರಡಾಗಿದ್ದೆ.

ಜೂನ್‌ನಲ್ಲಿ ಟ್ರಾನ್ಸ್‌ಫರ್ ಆಯಿತು. ಕುಣಿಗಲ್‌ಗೆ.

ಅತ್ತುಬಿಟ್ಟೆ. ದಿನಾ ಹೋಗಿಬರಲು ಮೂರು ಗಂಟೆ ಬಸ್ಸು, ಇನ್ನು ವಾಕಿಂಗ್ ಎಲ್ಲಿಂದ ಮಾಡಲಿ? ಆದರೆ ಕುಣಿಗಲ್ ನನಗಾಗಿ ಒಬ್ಬರನ್ನು ಕಾದಿರಿಸಿತ್ತು. ಪಕ್ಕದ ಉರ್ದು ಶಾಲೆಯ ಫರೀದಾ ಟೀಚರ್. ಆ ಊರಿನವರೇ, ನನಗಿಂತ ಐದಾರು ವರ್ಷ ದೊಡ್ಡವರು. ಪರಿಚಯವಾದ ಎರಡನೇ ದಿನವೇ ಕೇಳಿದರು. ‘ನಂಗೆ ಹೊಸದಾಗಿ ಶುಗರ್ ಬಂದಿದೆ ಮೇಡಂ. ನಡೀರಿ ಅಂತಾರೆ. ಒಬ್ಳೇ ನಡೆಯೋಕೆ ಬೇಜಾರು. ನೀವು ಒಂದು ಬಸ್ಸು ಮುಂಚೆ ಬಂದ್ರೆ ಕೆರೆ ಏರಿ ಮೇಲೆ ಹೋಗ್ಬೋದು.’

ಆ ಏರಿಯ ಬೆಳಗನ್ನು ಹೇಗೆ ಹೇಳಲಿ! ಒಂದು ಕಡೆ ಕಣ್ಣು ಹರಿಯುವಷ್ಟು ನೀರು, ಇನ್ನೊಂದು ಕಡೆ ಕೆಳಗೆ ತೆಂಗು, ಗದ್ದೆ. ಮುಖಕ್ಕೆ ಹೊಡೆಯುವ ತಣ್ಣನೆ ಗಾಳಿ. ಬುರ್ಖಾದ ಕೆಳಗೆ ಬಿಳಿ ಕ್ಯಾನ್ವಾಸ್ ಶೂ ಹಾಕಿಕೊಂಡ ಅವರು, ಸೀರೆಯೊಳಗೆ ಬೆಲ್ಟ್ ಬಿಗಿದುಕೊಂಡ ನಾನು. ಮೊದಲ ದಿನ ಅರ್ಧ ಏರಿಗೆ ಏದುಸಿರು. ತಿಂಗಳಿಗೆ ಪೂರ್ತಿ ಏರಿ. ಎರಡು ತಿಂಗಳಿಗೆ ಹೋಗಿ ವಾಪಸ್ಸು, ನಡುವೆ ಹೆಡ್‌ಮಾಸ್ಟರುಗಳನ್ನು ಬೈದುಕೊಳ್ಳುವಷ್ಟು ಉಸಿರೂ ಉಳಿಯುತ್ತಿತ್ತು. ‘ನಮ್ಮೂರ ಫಾರಂ ಕುದುರೆಗಳನ್ನ ನೋಡಿ,’ ಅನ್ನುತ್ತಿದ್ದರು ಫರೀದಾ. ‘ದಿನವೆಲ್ಲಾ ತಿಂತಾವೆ. ಹೊಟ್ಟೆ ಇದ್ಯಾ? ಯಾಕಿಲ್ಲ? ಒಂದ್ಕಡೆ ಕೂರಲ್ಲ.’

ಎಂಬತ್ತಕ್ಕೆ ಬಂದು ತೂಕ ನಿಂತಿತು.

ಏಳು ವಾರ. ಅದೇ ನಡಿಗೆ, ಅದೇ ಚಿಕ್ಕ ಮುದ್ದೆ, ಅದೇ ಎಂಬತ್ತು. ಮನಸ್ಸು ಹಳೆಯ ದಾರಿ ಹಿಡಿಯಿತು. ಹತ್ತು ವರ್ಷ ಹೀಗೇ ಬದುಕಿದ್ದೀಯಲ್ಲ, ಇನ್ನು ಹತ್ತು ವರ್ಷ ಬದುಕು. ಎರಡು ದಿನ ಬೇಕೆಂದೇ ಲೇಟಾದ ಬಸ್ಸಿಗೆ ಹೋದೆ. ಮೂರನೇ ದಿನ ಫರೀದಾ ನಮ್ಮ ಸ್ಟಾಫ್ ರೂಮಿಗೆ ಬಂದರು.

‘ಹುಷಾರಿರ್ಲಿಲ್ವಾ?’

‘ಬರಕ್ಕಾಗ್ಲಿಲ್ಲ. ನೀವು ನಡೆದ್ರಾ?’

‘ಇಲ್ಲ. ಎರಡು ದಿನವೂ ಬೇವಿನ ಮರದ ಹತ್ರ ನಿಂತಿದ್ದು ವಾಪಸ್ ಹೋದೆ.’

‘ಒಬ್ರೇ ಹೋಗ್ಬೋದಿತ್ತಲ್ಲ.’

‘ನೀವು ಬರ್ತೀರೇನೋ ಅಂತ.’

ಅವರು ಬೇಜಾರು ಮಾಡಿಕೊಂಡು ಹೇಳಲಿಲ್ಲ. ಇದ್ದದ್ದು ಹೇಳಿದರು. ನನಗೆ ಅಲ್ಲಿಯ ತನಕ ಒಂದು ತಪ್ಪು ತಿಳಿವಳಿಕೆಯಿತ್ತು. ಉತ್ಸಾಹ ನನ್ನೊಳಗಿಂದ ಹುಟ್ಟಬೇಕು, ಅದು ಬತ್ತಿದರೆ ನಾನು ಸೋಮಾರಿ, ನನ್ನ ಕೈಲಾಗದು ಎಂದು. ಆದರೆ ಒಳಗಿನ ಉತ್ಸಾಹದ ಆಯಸ್ಸು ಮೂರು ವಾರ. ಅದು ಯಾರ ತಪ್ಪೂ ಅಲ್ಲ. ಅದು ಖಾಲಿಯಾದ ದಿನ ನನ್ನನ್ನು ಎಬ್ಬಿಸಿ ಬಸ್ಸು ಹತ್ತಿಸಿದ್ದು, ಬೇವಿನ ಮರದ ಕೆಳಗೆ ಒಬ್ಬರು ಗಡಿಯಾರ ನೋಡುತ್ತಾ ನಿಂತಿರುತ್ತಾರೆ ಎಂಬ ಒಂದೇ ವಿಷಯ. ಆಮೇಲೆ ಒಂದು ದಿನವೂ ಅವರನ್ನು ಕಾಯಿಸಲಿಲ್ಲ. ಎಂಟನೇ ವಾರ ಮುಳ್ಳು ಕದಲಿತು. ಎಪ್ಪತ್ತೊಂಬತ್ತು!

ಫೆಬ್ರವರಿಯಲ್ಲಿ ಒಂದು ಮಧ್ಯಾಹ್ನ ಕ್ಲಾಸಿನಲ್ಲಿ ಬೆಂಚು ಎಳೆದೆ. ಎಳೆಯಬಾರದಿತ್ತು. ಗಂಟು ಬಂತು. ಒತ್ತಿದೆ. ಹೋಗಲಿಲ್ಲ. ಮಲಗಿ ಒತ್ತಿದೆ. ಕಲ್ಲಿನ ಹಾಗೆ ಗಟ್ಟಿ. ಹತ್ತು ನಿಮಿಷದಲ್ಲಿ ನೋವು ಬೆನ್ನಿನ ತನಕ ಹಬ್ಬಿತು, ವಾಂತಿಯಾಯಿತು.

ಡಾಕ್ಟರ್ ಹೇಳಿದ್ದು ಇದೇ.

ಫರೀದಾ ಯಾರದೋ ಕಾರು ತರಿಸಿದರು. ತುಮಕೂರಿನವರೆಗೂ ಅವರ ತೊಡೆಯ ಮೇಲೆ ತಲೆಯಿಟ್ಟು ಮೊಣಕಾಲು ಮಡಿಸಿ ಮಲಗಿದ್ದೆ. ಅವರು ಏನನ್ನೋ ಪಿಸುಮಾತಿನಲ್ಲಿ ಪ್ರಾರ್ಥಿಸುತ್ತಿದ್ದರು. ನನ್ನ ತಲೆಯಲ್ಲಿ ಇದ್ದದ್ದು ಒಂದೇ, ಚೈತ್ರಳಿಗೆ ಪರೀಕ್ಷೆ ಹತ್ತಿರ ಬಂದಿದೆ.

ಸರ್ಜನ್ ನೋಡಿದರು, ಒಮ್ಮೆ ಒತ್ತಿದರು, ಕೈ ಬಿಟ್ಟರು. ‘ಓಟಿ ರೆಡಿ ಮಾಡಿ. ಈಗಲೇ.’ ಅನಸ್ತೇಶಿಯಾ ಡಾಕ್ಟರ್ ಬಿಪಿ ನೋಡುತ್ತಾ ಕೇಳಿದರು. ‘ವೆಯ್ಟ್ ಎಷ್ಟಮ್ಮಾ?’

‘ಎಪ್ಪತ್ತಾರೂವರೆ!’ ಆ ನೋವಿನಲ್ಲೂ ಕೂಗಿಯೇ ಹೇಳಿದೆ.

ಸರ್ಜನ್ ಮಾಸ್ಕ್ ಕಟ್ಟಿಕೊಳ್ಳುತ್ತಿದ್ದವರು ತಿರುಗಿ ನೋಡಿದರು. ‘ಎಂಬತ್ತೇಳು ಇತ್ತಲ್ಲ?’

‘ಇತ್ತು.’

‘ನಾನು ಹೇಳಿದ್ದು ಹನ್ನೆರಡು. ಒಂದೂವರೆ ಇನ್ನೂ ಇದೆ.’

‘ಬದುಕಿಸಿ ಡಾಕ್ಟ್ರೇ, ಅದನ್ನೂ ಇಳಿಸ್ತೀನಿ.’

ಮಾತು ಕಡಿಮೆಯ ಆ ಮನುಷ್ಯ ಮಾಸ್ಕಿನೊಳಗೆ ನಕ್ಕರು. ಕಣ್ಣು ನೋಡಿ ಗೊತ್ತಾಯಿತು.

ಕರುಳು ಸತ್ತಿರಲಿಲ್ಲ. ಸಮಯಕ್ಕೆ ಸರಿಯಾಗಿ ಬಂದಿದ್ದೆವು. ಒಳಗೆ ತಳ್ಳಿ, ಮೆಶ್ ಎಂಬ ಬಲೆ ಇಟ್ಟು ಹೊಲಿದರು. ಮಾರನೇ ದಿನ ರೌಂಡ್ಸಿಗೆ ಬಂದಾಗ ಗಂಡನಿಗೆ ಹೇಳಿದರು. ‘ಒಂದು ವರ್ಷದ ಹಿಂದಿನ ಮೈಯಲ್ಲಿ ಇದೇ ಎಮರ್ಜೆನ್ಸಿ ಬಂದಿದ್ರೆ ನಾನು ನಿಮ್ಮ ಹತ್ರ ಇಷ್ಟು ಆರಾಮಾಗಿ ಮಾತಾಡ್ತಿರ್ಲಿಲ್ಲ.’ ಗಂಡ ಹೊರಗೆ ಹೋದರು. ತುಂಬಾ ಹೊತ್ತು ಬರಲಿಲ್ಲ. ಬಂದಾಗ ಕಣ್ಣು ಕೆಂಪಗಿದ್ದವು. ಬೆಣ್ಣೆ ದೋಸೆಯ ಹೆಸರನ್ನು ಅವರು ಆಮೇಲೆ ಎತ್ತಿಲ್ಲ.

ಇದೆಲ್ಲ ಆಗಿ ಈಗ ಹತ್ತು ವಾರ. ಹೇಳದೆ ಬಿಟ್ಟರೆ ಸುಳ್ಳಾಗುತ್ತದೆ: ಮಲಗಿದಲ್ಲೇ ಮಲಗಿ ಎರಡು ಕೆ.ಜಿ. ವಾಪಸ್ಸು ಬಂದಿದೆ. ಮುಂಚೆಯಾಗಿದ್ದರೆ ಎಲ್ಲ ಮುಗಿಯಿತು ಎಂದು ಕೂತುಬಿಡುತ್ತಿದ್ದೆ. ಈಗ ಹಾಗನ್ನಿಸುತ್ತಿಲ್ಲ. ಬಂದದ್ದು ಹೋಗುವ ದಾರಿ ನನಗೆ ಗೊತ್ತು. ಮತ್ತೆ ಬರಬಹುದು, ಮತ್ತೆ ಹೋಗಬೇಕು. ಇದಕ್ಕೆ ಕೊನೆಯ ದಿನ ಎಂಬುದೊಂದು ಇರುವುದಿಲ್ಲ ಎಂಬುದನ್ನೂ ಒಪ್ಪಿಕೊಂಡಿದ್ದೇನೆ.

ಮೊನ್ನೆ ಸೋಮವಾರ ಡಾಕ್ಟರ್ ನಡೆಯಲು ಪರ್ಮಿಷನ್ ಕೊಟ್ಟರು. ಬೇಸಿಗೆ ರಜೆ, ಕುಣಿಗಲ್ ಇಲ್ಲ. ಶಾಲೆ ಶುರುವಾಗುವ ದಿನ ಮೊದಲ ಬಸ್ಸಿಗೇ ಬರುತ್ತೇನೆಂದು ಫರೀದಾಗೆ ಫೋನ್ ಮಾಡಿ ಹೇಳಿದೆ. ಮಂಗಳವಾರ ಬೆಳಗ್ಗೆ ಕಾಲೇಜು ಮೈದಾನಕ್ಕೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದೆ.

‘ನಿಂತ್ಕಳೇ, ನಾನೂ ಬತ್ತೀನಿ.’

ಅತ್ತೆ ಹೊಸಿಲ ಮೇಲೆ ಕೂತು ಚೈತ್ರಳ ಹಳೆಯ ಸ್ಕೂಲ್ ಶೂಗೆ ಕಾಲು ತೂರಿಸುತ್ತಿದ್ದರು. ಚೈತ್ರ ಬಗ್ಗಿ ಲೇಸ್ ಕಟ್ಟಿದಳು. ಜೀವಮಾನದಲ್ಲಿ ಮೊದಲ ಸಲ ಶೂ ಹಾಕಿದ ಹೆಂಗಸು ಎದ್ದುನಿಂತು, ನೆಲವನ್ನು ಎರಡು ಸಲ ಒತ್ತಿ ನೋಡಿ, ಸೆರಗು ಸೊಂಟಕ್ಕೆ ಸಿಕ್ಕಿಸಿದರು.

ಮೈದಾನದಲ್ಲಿ ಮೊದಲ ಸುತ್ತು ಜೊತೆಯಾಗಿ ನಡೆದೆವು. ಎರಡನೇ ಸುತ್ತಿಗೆ ಹೊಲಿಗೆ ಸ್ವಲ್ಪ ಚುಳ್ಳೆಂದಿತು, ನಾನು ನಿಧಾನ ಮಾಡಿದೆ. ಅತ್ತೆ ಮಾಡಲಿಲ್ಲ. ಹತ್ತು ಗಜ ಮುಂದೆ ಹೋಗಿ, ತಿರುಗದೆಯೇ ಕೂಗಿದರು.

‘ಬೇಗ ಬಾರೇ ಮಂಗ್ಳ!’

ನಗುತ್ತಾ, ಒಂದು ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು, ನಾನು ಅವರ ಹಿಂದೆ ಹೆಜ್ಜೆ ಹಾಕಿದೆ.